‘ರನ್’ ಕಲಿಯೋದು ಹೇಗೆ? ಮೊದಲು ಓಡೋದನ್ನು ನಿಲ್ಲಿಸಿ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಹೋದ ತಿಂಗಳು ‘ವಿ ಹ್ಯಾವ್ ರನ್ ಔಟ್ ಆಫ್ ಶುಗರ್’ ಅನ್ನೋ ವಾಕ್ಯ ಕೊಟ್ಟು, ಕನ್ನಡಕ್ಕೆ ತನ್ನಿ ಅಂದೆ. ಒಬ್ಬ ‘ನಾವು ಸಕ್ಕರೆಯಿಂದ ಹೊರಗೆ ಓಡಿದೆವು’ ಅಂತ ಬರೆದ. ಪಕ್ಕದವನು ಅದನ್ನು ಕದ್ದು ನೋಡಿ, ಅರ್ಥ ಆಗದೆ, ತಾನೇ ಸುಧಾರಿಸಿದ್ದ: ‘ಓಡಿ ಓಡಿ ನಮ್ಮ ಶುಗರ್ ಕಾಯಿಲೆ ಹೋಯಿತು.’

ನಕ್ಕುಬಿಟ್ಟೆ. ‘ನಮ್ಮಲ್ಲಿ ಸಕ್ಕರೆ ಮುಗಿದಿದೆ’ ಅನ್ನೋದಷ್ಟೇ ಅದರ ಅರ್ಥ. ಆದರೆ ತಪ್ಪು ಅವರದಲ್ಲ. ‘ರನ್ ಅಂದ್ರ ಓಡು’ ಅಂತ ಐದನೇ ಇಯತ್ತೆಯಲ್ಲಿ ಕಲಿತದ್ದು, ಅಲ್ಲಿಂದ ಮುಂದೆ ಯಾರೂ ಏನೂ ಸೇರಿಸಿಲ್ಲ.

ಹಂತ 1: ಅರ್ಥಗಳ ಪಟ್ಟಿ ಮಾಡಬೇಡಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ‘ಸೆಟ್’ ಪದದ್ದು. ಆಮೇಲೆ ‘ರನ್’ ಅದನ್ನು ಹಿಂದೆ ಹಾಕಿತು. ಅಲ್ಲಿನ ಸಂಪಾದಕ ಪೀಟರ್ ಗಿಲಿವರ್ ಈ ಒಂದು ಕ್ರಿಯಾಪದದ ಮೇಲೇ 9 ತಿಂಗಳು ಕೂತು 645 ಅರ್ಥ ಬಿಡಿಸಿಟ್ಟರು. ಅದನ್ನೇ ಉದ್ಯೋಗ ಮಾಡಿಕೊಂಡವರ ಪಾಡು ಇದಾದರೆ, ನೀವು ಬಾಯಿಪಾಠ ಮಾಡಿ ಮುಗಿಸೋದು ಯಾವಾಗ? ಬಸ್ ಸ್ಟ್ಯಾಂಡ್ ಮುಂದೆ ಸಿಗೋ, ಪದಕ್ಕೊಂದೇ ಅರ್ಥ ಕೊಡೋ ಪುಟಾಣಿ ಡಿಕ್ಷನರಿಗೆ ದುಡ್ಡು ಹಾಕಬೇಡಿ. ಉದಾಹರಣೆ ವಾಕ್ಯ ಇಲ್ಲದ ಡಿಕ್ಷನರಿಯನ್ನು ನಾನಂತೂ ಪುಕ್ಕಟೆ ಕೊಟ್ಟರೂ ಒಯ್ಯಲ್ಲ. ಫೋನಿನಲ್ಲಿ ಅನುವಾದ ನೋಡುವವರು ಬರೀ ‘ರನ್’ ಅಂತ ಹಾಕದೆ ಪೂರ್ತಿ ವಾಕ್ಯ ಹಾಕಿ.

ಹಂತ 2: ಕನ್ನಡದ ಕಡೆಯಿಂದ ಹೊರಡಿ. ಇಂಗ್ಲಿಷಿನವರು ಓಡೋ ಕಡೆ ನಾವು ಎಷ್ಟೋ ಸಲ ನಡೀತೀವಿ. ಅವರು ಅಂಗಡಿ ‘ರನ್’ ಮಾಡ್ತಾರೆ, ನಾವು ಅಂಗಡಿ ನಡೆಸ್ತೀವಿ. ಸಾಲಿ, ಗಿರಣಿ, ಖಾನಾವಳಿ ಎಲ್ಲಾ ಹಾಗೇ. ‘ಧಂದೆ ಹೆಂಗ ನಡದೈತಿ?’ ಅಂತ ಕೇಳ್ತೀವೇ ಹೊರತು ಹೆಂಗ ಓಡಾಕತ್ತೈತಿ ಅಂತ ಕೇಳೋದು ಕಡಿಮೆ. ನೀರಿನ ಮಾತು ಬಂದರೆ ‘ರನ್’ ಅಂದರೆ ಹರಿಯೋದು. ಹಾವೇರಿ ಕಡೆಯ ವರದಾ ನದಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರೋವರೆಗೆ ‘ರನ್’ ಆಗುತ್ತೆ. ನೆಗಡಿಯಾದ ಮೂಗೂ ‘ರನ್’ ಆಗುತ್ತೆ, ನಮಗೆ ಅದು ಸೋರೋದು. ಹೊಸ ಸೀರೆ ನೀರಿಗೆ ಹಾಕಿದಾಗ ಬಣ್ಣ ಬಿಟ್ಟರೆ ಅದೂ ‘ರನ್’. ನಡೆ, ಓಡು, ಹರಿ ಈ ಮೂರನ್ನು ಮೊದಲು ಹಚ್ಚಿ ನೋಡಿ. ಮುಕ್ಕಾಲು ಕೆಲಸ ಅಲ್ಲೇ ಆಗುತ್ತೆ.

ಹಂತ 3: ಊರಲ್ಲಿ ಕಿವಿ ತೆರೆದು ತಿರುಗಾಡಿ. ಹುಬ್ಬಳ್ಳಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇರೋ ಊರು. ರೈಲ್ವೆಯವರ ಬಾಯಲ್ಲಿ ‘ರನ್ನಿಂಗ್ ರೂಮ್’ ಅಂತ ಕೇಳಿ, ಅಲ್ಲಿ ಟ್ರೆಡ್‌ಮಿಲ್ ಇರುತ್ತೆ ಅಂದುಕೊಂಡವರನ್ನು ನೋಡಿದ್ದೇನೆ. ಅದು ಗಾಡಿ ಓಡಿಸೋ ಲೋಕೋ ಪೈಲಟ್, ಗಾರ್ಡ್‌ಗಳು ಡ್ಯೂಟಿ ಮುಗಿಸಿ ಮಲಗೋ ಜಾಗ. ಕಸೂತಿ ಹಾಕುವವರನ್ನು ಕೇಳಿ: ಅವರ ನೇಯ್ಗಿ ಹೊಲಿಗೆ ಅಂದರೆ ‘ರನ್ನಿಂಗ್ ಸ್ಟಿಚ್’. ಗವಂತಿ ಅನ್ನೋ ಇನ್ನೊಂದು ಬಗೆಯಲ್ಲಿ ಸೂಜಿ ಒಂದು ಹೊಲಿಗೆ ಹಾಕಿ ಒಂದು ಬಿಟ್ಟು ಸಾಗುತ್ತೆ. ಅದೇ ದಾರಿ ಹಿಡಿದು ವಾಪಸ್ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತೆ, ಮುಂದೆ ಹಿಂದೆ ಎರಡೂ ಒಂದೇ ಥರ ಕಾಣುತ್ತೆ. ಅದು ‘ಡಬಲ್ ರನ್ನಿಂಗ್’.

ಬಡಿಗರ ‘ರನ್ನಿಂಗ್ ಫೂಟ್’ ಮಾತ್ರ ನನಗೆ ದುಬಾರಿ ಬಿತ್ತು. ಪುಸ್ತಕದ ಕಪಾಟಿಗೆ ‘ಅಡಿಗೆ ಇಷ್ಟು’ ಅಂದರು. ಉದ್ದದ ಅಡಿ, ಅಂದರೆ ರನ್ನಿಂಗ್ ಫೂಟ್ ಅಂದುಕೊಂಡೆ. ಕಪಾಟು 8 ಅಡಿ ಉದ್ದ, 3 ಅಡಿ ಎತ್ತರ. ನಾನು 8ರ ಲೆಕ್ಕ ಹಾಕಿದ್ದೆ, ಬಿಲ್ಲು ಚದರಡಿಯಲ್ಲಿ 24ರ ಲೆಕ್ಕಕ್ಕೆ ಬಂತು. ಮೊದಲೇ ಕೇಳಿಬಿಡಿ.

ಹಂತ 4: ಬಾಲ ಹಿಡಿಯಿರಿ. ಎಲ್ಲರೂ ಜಾರಿ ಬೀಳೋದು ಇಲ್ಲೇ, ಸ್ವಲ್ಪ ನಿಧಾನ ಮಾಡಿ. ‘ರನ್’ ಹಿಂದೆ ಬರೋ ಔಟ್, ಇನ್‌ಟು, ಓವರ್‌ನಂಥ ಚಿಕ್ಕ ಪದಗಳೇ ಬಾಲ. ಬಾಲ ಬದಲಾದರೆ ಪ್ರಾಣಿಯೇ ಬದಲಾಗುತ್ತೆ.

‘ಔಟ್’ ತಗೊಳ್ಳಿ. ‘ಹಿ ವಾಸ್ ರನ್ ಔಟ್’ ಅಂದರೆ ಕ್ರಿಕೆಟ್, ಯಾರೋ ಅವನನ್ನು ರನ್ ಔಟ್ ಮಾಡಿದರು. ‘ವಾಸ್’ ತೆಗೆದು ‘ಹಿ ರ‍್ಯಾನ್ ಔಟ್’ ಅಂದರೆ ಅವನೇ ಹೊರಗೆ ಓಡಿದ. ‘ಹಿ ರ‍್ಯಾನ್ ಔಟ್ ಆಫ್ ಮನಿ’ ಅಂದರೆ ಅವನ ಹತ್ತಿರ ದುಡ್ಡು ಮುಗೀತು. ಆದರೆ ‘ಹಿ ರ‍್ಯಾನ್ ಔಟ್ ಆಫ್ ದಿ ಹೌಸ್’ ಅಂದರೆ ಮನೆ ಮುಗೀಲಿಲ್ಲ, ಮನೆಯಿಂದ ಹೊರಗೆ ಓಡಿದ. ಹಾಗಾಗಿ ‘ಔಟ್ ಆಫ್’ ಆದ ಮೇಲೆ ಏನು ಬಂತು ನೋಡಿ. ಜಾಗ ಬಂದರೆ ಓಟ, ಖರ್ಚಾಗೋ ಸಾಮಾನು ಬಂದರೆ ಮುಗಿದ ಲೆಕ್ಕ.

ಇನ್ನೊಂದು ಗಂಟು ಇದೆ. ನಾವು ‘ಸಕ್ಕರೆ ಮುಗೀತು’ ಅಂತೀವಿ, ಮುಗಿಯೋದು ಸಕ್ಕರೆ. ಇಂಗ್ಲಿಷಿನಲ್ಲಿ ಮನುಷ್ಯರೂ ಮುಂದೆ ಬರಬಹುದು. ಮನುಷ್ಯರು ಮುಂದೆ ಬಂದು ಸಾಮಾನು ಹಿಂದೆ ಬಂದರೆ ನಡುವೆ ‘ಆಫ್’ ಬೇಕು: ‘ವಿ ಹ್ಯಾವ್ ರನ್ ಔಟ್ ಆಫ್ ಶುಗರ್.’ ಸಕ್ಕರೆಯೇ ಮುಂದೆ ಬಂದರೆ ‘ಆಫ್’ ಬೇಡ: ‘ದಿ ಶುಗರ್ ಹ್ಯಾಸ್ ರನ್ ಔಟ್.’ ಎರಡನ್ನೂ ಕಲಸಿ ‘ಶುಗರ್ ಹ್ಯಾಸ್ ರನ್ ಔಟ್ ಆಫ್’ ಅಂತ ಬರೆಯೋರು ಬಹಳ. ‘ಹ್ಯಾಸ್ ರ‍್ಯಾನ್’ ಅಂತಲೂ ಬರೀತಾರೆ. ರನ್, ರ‍್ಯಾನ್, ಮತ್ತೆ ರನ್. ಹ್ಯಾಸ್, ಹ್ಯಾವ್ ಇದ್ದ ಕಡೆ ಮೂರನೆಯದೇ ಬರಬೇಕು.

‘ಇನ್‌ಟು’ ಮತ್ತು ‘ಓವರ್’ ಅದಲುಬದಲಾದರೆ ಪೊಲೀಸ್ ಕೇಸು. ಜುಬಿಲಿ ಸರ್ಕಲ್‌ನಲ್ಲಿ ಹಳೇ ಮಾಸ್ತರರು ಅಚಾನಕ್ ಸಿಕ್ಕರೆ ‘ಐ ರ‍್ಯಾನ್ ಇನ್‌ಟು ಹಿಮ್’. ನನ್ನ ವಿದ್ಯಾರ್ಥಿಯೊಬ್ಬ ‘ಐ ರ‍್ಯಾನ್ ಓವರ್ ಮೈ ಹೆಡ್‌ಮಾಸ್ಟರ್’ ಅಂತ ಬರೆದು, ಮುಂದಿನ ಸಾಲಿನಲ್ಲಿ ಅವರ ಜೊತೆ ಚಹಾ ಕುಡಿದಿದ್ದ. ಗಾಡಿ ಹತ್ತಿಸಿದ ಮೇಲೆ ಎಂಥಾ ಚಹಾ? ಇನ್ನು ‘ಇನ್‌ಟು’ ಆದ ಮೇಲೆ ಕಂಬವೋ ಗೋಡೆಯೋ ಬಂದರೆ ಅದು ಭೇಟಿಯಲ್ಲ, ಡಿಕ್ಕಿ.

ದಿನಕ್ಕೆ ಒಂದೇ ಬಾಲ ಸಾಕು. ಆ ಬಾಲಕ್ಕೆ ನಿಮ್ಮ ಮನೆಯದೇ, ಓಣಿಯದೇ ಮೂರು ವಾಕ್ಯ ಬರೆಯಿರಿ. ಪುಸ್ತಕದ್ದು ಬೇಡ.

ಹಂತ 5: ಹೆಸರುಪದವಾಗಿ ಬರೋ ‘ರನ್’ ಸುಲಭ, ಕ್ರಿಕೆಟ್ ಕಲಿಸಿಬಿಟ್ಟಿದೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಗದಗಿನ ಸುನಿಲ್ ಜೋಶಿ 10 ಓವರ್ ಹಾಕಿ, ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದರು. ಅಷ್ಟು ಸಾಕು.

ಹಂತ 6: ಕೊನೆಗೆ ತಿರುಗಿಸಿ ನೋಡಿ. ರಾತ್ರಿ ಐದು ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೆ ತನ್ನಿ. ಬೆಳಿಗ್ಗೆ ಬರೀ ಕನ್ನಡ ನೋಡಿ ಮತ್ತೆ ಇಂಗ್ಲಿಷಿಗೆ ಒಯ್ಯಿರಿ. ಹಾಗೆ ಮಾಡುವಾಗ ‘ಅವರು ಎಲೆಕ್ಷನ್‌ಗೆ ನಿಂತರು’ ಅನ್ನೋದು ಬಂದರೆ ಗಾಬರಿಯಾಗಬೇಡಿ. ನಾವು ನಿಲ್ಲುತ್ತೇವೆ, ಬ್ರಿಟಿಷರೂ ‘ಸ್ಟ್ಯಾಂಡ್’ ಅಂತಲೇ ನಿಲ್ಲುತ್ತಾರೆ, ಅಮೆರಿಕದವರು ಮಾತ್ರ ‘ರನ್’ ಅಂತ ಓಡುತ್ತಾರೆ. ಪರೀಕ್ಷೆಯಲ್ಲಿ ಯಾವುದು ಬರೀಬೇಕ್ರಿ ಸರ್ ಅಂತ ಕೇಳ್ತಾರೆ. ಎರಡೂ ಸರಿ. ಒಂದೇ ಉತ್ತರದಲ್ಲಿ ಒಮ್ಮೆ ನಿಂತು ಒಮ್ಮೆ ಓಡಬೇಡಿ, ಅಷ್ಟೇ.