ರೇಟು ಬರುವ ಮುಂಚೆ ನೂರು ಅಂಕ ಹಂಚುವುದು: ಬೆಂಗಳೂರು ರೇಸಿನ ಒಂದು ದಿನದ ಲೆಕ್ಕ

ಒಂದು ರೇಸಿನಲ್ಲಿ ಹತ್ತು ಕುದುರೆ ಓಡುತ್ತಿದ್ದರೆ ಆ ಹತ್ತಕ್ಕೂ ಸೇರಿ ನೂರು ಅಂಕ; ಒಂದು ಅಂಕ ಎಂದರೆ ಗೆಲ್ಲುವ ಸಾಧ್ಯತೆ ನೂರರಲ್ಲಿ ಒಂದು. ಯಾವುದಕ್ಕೆ ಎಷ್ಟು ಅಂತ ಬುಕ್ಕಿಗಳ ಬೋರ್ಡಿನಲ್ಲಿ ರೇಟು (ಗೆದ್ದರೆ ಎಷ್ಟು ಕೊಡುತ್ತಾರೆ ಎಂಬುದು) ಬರುವ ಮುಂಚೆಯೇ ಬರೆದು ಮುಗಿಸಿರಬೇಕು. ಬೆಂಗಳೂರು ಟರ್ಫ್ ಕ್ಲಬ್ಬಿನ ಒಂದು ದಿನದ ಕಾರ್ಡಿಗೆ ನಾನು ಮಾಡುವ ಕೆಲಸ ಇಷ್ಟೇ. ರೇಟು ನೋಡಿ ಆಮೇಲೆ ಅಂಕ ಹಾಕಿದರೆ ನಮ್ಮ ಅಂಕ ರೇಟಿನ ನೆರಳಾಗಿಬಿಡುತ್ತದೆ. ಫೇವರಿಟ್ ಯಾವುದೆಂದು ಗೊತ್ತಾದ ಮೇಲೆ ಅದರ ಹಿಂದಿನ ಸೋಲಿಗೆಲ್ಲ ನೆಪ ಹುಡುಕುವುದು ಮನಸ್ಸಿಗೆ ಬಹಳ ಸಲೀಸು.

ಎದುರಿಗೆ ಇಟ್ಟುಕೊಳ್ಳುವುದು ನಾಲ್ಕು: ನಾವು ಕೋಲ್ ಎನ್ನುವ ರೇಸ್ ಪುಸ್ತಕ, ಹಳೆಯ ರೇಸುಗಳ ವಿಡಿಯೋ, ಸ್ಟೀವರ್ಡ್‌ಗಳ (ರೇಸಿನ ಮೇಲ್ವಿಚಾರಣೆ ಮಾಡುವ ಅಧಿಕಾರಿಗಳ) ವರದಿ, ಬೆಳಗಿನ ಟ್ರ್ಯಾಕ್ ವರ್ಕ್ (ಅಭ್ಯಾಸದ ಓಟ) ಸಮಯಗಳು. ಜೊತೆಗೆ ಗೆರೆ ಹಾಕಿದ ಒಂದು ಹಾಳೆ, ಒಂದು ಸ್ಟಾಪ್‌ವಾಚ್. ಹಿಂದಿನ ದಿನ ನಾಲ್ಕೈದು ಗಂಟೆ ಬೇಕು.

ಕಾರ್ಡಿನಲ್ಲಿ ಏಳೆಂಟು ರೇಸ್, ಎಪ್ಪತ್ತು ಎಂಬತ್ತು ಕುದುರೆ ಇರುತ್ತವೆ. ಎಲ್ಲಕ್ಕೂ ಒಂದೇ ಹೊತ್ತು ಕೊಡಲು ಹೋದರೆ ಕೊನೆಯ ರೇಸುಗಳಿಗೆ ಬರುವಷ್ಟರಲ್ಲಿ ಕಣ್ಣು ಸೋತಿರುತ್ತದೆ. ಅದಕ್ಕೇ ಮೊದಲು ರೇಸುಗಳನ್ನೇ ಬೇರ್ಪಡಿಸುತ್ತೇನೆ. ಎಲ್ಲ ಕುದುರೆಗಳೂ ಕನಿಷ್ಠ ಮೂರು ಸಲ ಓಡಿರುವ ಹ್ಯಾಂಡಿಕ್ಯಾಪ್ ರೇಸ್ ಮೊದಲು. ಮೊದಲ ಸಲ ಓಡುವ ಎಳೆಯ ಕುದುರೆಗಳೇ ತುಂಬಿರುವ ರೇಸ್ ಕೊನೆಗೆ. ಅಲ್ಲಿ ಕೈಗೆ ಸಿಗುವುದು ಮಾಕ್ ರೇಸ್ (ತಾಲೀಮಿನ ರೇಸು), ಟ್ರ್ಯಾಕ್ ವರ್ಕ್, ಅಪ್ಪ ಅಮ್ಮನ ವಂಶ, ಇಷ್ಟೇ. ಅಂಥ ಹೊಸಬರಿಗೆಲ್ಲ ಸೇರಿಸಿ ಒಂದು ಒಟ್ಟು ಪಾಲು ಎತ್ತಿಟ್ಟು, ಒಳಗೊಳಗೆ ಹೆಚ್ಚು ಸೀಳದೆ ಬಿಡುತ್ತೇನೆ.

ಹ್ಯಾಂಡಿಕ್ಯಾಪ್ ಅಂದರೆ 20ರಿಂದ 45, 40ರಿಂದ 65 ಹೀಗೆ ರೇಟಿಂಗ್ (ಕುದುರೆಯ ಸಾಮರ್ಥ್ಯಕ್ಕೆ ಕೊಟ್ಟ ಅಂಕ) ಮಿತಿಯ ರೇಸು. ಒಂದು ರೇಟಿಂಗ್ ಅಂಕಕ್ಕೆ ಅರ್ಧ ಕೆಜಿ ತೂಕ. ಕಾಗದದ ಮೇಲೆ ಎಲ್ಲ ಕುದುರೆಗಳೂ ಒಟ್ಟಿಗೆ ಗೆರೆ ದಾಟಲಿ ಎಂದು ಹ್ಯಾಂಡಿಕ್ಯಾಪರ್ ತೂಕ ಹೊರಿಸಿರುತ್ತಾರೆ. ಅವರ ಲೆಕ್ಕ ಸಾಮಾನ್ಯವಾಗಿ ಸರಿಯೇ ಇರುತ್ತದೆ ಎಂದು ಒಪ್ಪಿಕೊಂಡೇ ನಾನು ಶುರು ಮಾಡುವುದು. ನನ್ನ ಹುಡುಕಾಟವೆಲ್ಲ ಆ ಲೆಕ್ಕಕ್ಕೆ ಸಿಗದೆ ಜಾರಿದ್ದು ಏನು ಎಂಬುದರ ಸುತ್ತ.

ಪುಸ್ತಕದಲ್ಲಿ 1, 4, 7 ಎಂದು ಅಚ್ಚಾದ ಸ್ಥಾನವನ್ನೇ ಫಾರ್ಮ್ ಎಂದು ತಿಳಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಸ್ಥಾನ ಬಿಟ್ಟು ಅಂತರ ನೋಡಬೇಕು, ಅಂತರವನ್ನು ತೂಕಕ್ಕೆ ತಿರುಗಿಸಬೇಕು. ನಾನು ಬಳಸುವ ಅಳತೆ ಇದು: 1200 ಮೀಟರಿನಲ್ಲಿ ಒಂದು ಲೆಂಗ್ತಿಗೆ (ಒಂದು ಕುದುರೆಯ ಉದ್ದಕ್ಕೆ) ಸುಮಾರು 1.2 ಕೆಜಿ, 1600ರಲ್ಲಿ 0.9, 2400ರಲ್ಲಿ 0.6. ದೂರ ಹೆಚ್ಚಿದಷ್ಟೂ ಅಷ್ಟೇ ತೂಕ ಹೆಚ್ಚು ಲೆಂಗ್ತ್ ತಿನ್ನುತ್ತದೆ.

ಒಂದು ಉದಾಹರಣೆ ಬಿಡಿಸಿ ತೋರಿಸುತ್ತೇನೆ. ಇಂದಿನ 1200 ಮೀಟರ್ ರೇಸಿನಲ್ಲಿ ಮೂರನೇ ನಂಬರಿಗೆ 59.5 ಕೆಜಿ, ಏಳನೇ ನಂಬರಿಗೆ 57. ಹಿಂದಿನ ಸಲ ಇದೇ ಎರಡು ಇದೇ ದೂರದಲ್ಲಿ ಓಡಿದಾಗ ಮೂರಕ್ಕೆ 56, ಏಳಕ್ಕೆ 57.5 ಇತ್ತು. ಮೂರನೇ ನಂಬರು ಎರಡೂಕಾಲು ಲೆಂಗ್ತಿನಿಂದ ಗೆದ್ದಿತು. ಗೆದ್ದದ್ದಕ್ಕೆ ಅದರ ರೇಟಿಂಗ್ ಏಳು ಅಂಕ ಏರಿತು, ಅಂದರೆ ಮೂರೂವರೆ ಕೆಜಿ. ಏಳನೇ ನಂಬರಿನದ್ದು ಒಂದು ಅಂಕ ಇಳಿಯಿತು, ಅರ್ಧ ಕೆಜಿ. ಎರಡರ ನಡುವೆ ಒಟ್ಟು 4 ಕೆಜಿ ತಿರುಗಿತು. ಎರಡೂಕಾಲು ಲೆಂಗ್ತ್ ಎಂದರೆ 2.7 ಕೆಜಿ. ಮಿಕ್ಕಿದ್ದು 1.3. ಕಾಗದದ ಪ್ರಕಾರ ಇಂದು ಏಳನೇ ನಂಬರು ಒಂದು ಲೆಂಗ್ತ್ ಮುಂದೆ.

ಇಲ್ಲಿಗೆ ನಿಲ್ಲಿಸಿದರೆ ಕೆಲಸ ಅರ್ಧವೇ ಆಯಿತು. ಈಗ ವಿಡಿಯೋ. ಆ ದಿನ ಏಳನೇ ನಂಬರಿನ ಕುದುರೆ ತಿರುವಿನ ಉದ್ದಕ್ಕೂ ಒಳ ರೇಲಿಗೆ ಅಂಟಿಕೊಂಡು ಬಂದಿದೆ, ಮೂರನೇ ನಂಬರು ಎರಡು ಮೀಟರ್ ಹೊರಗೆ ಓಡಿದೆ ಅಂದುಕೊಳ್ಳಿ. ಹೊರಗೆ ಓಡಿದ ಕುದುರೆ ಎಷ್ಟು ಹೆಚ್ಚು ನೆಲ ತುಳಿಯಿತು ಎಂಬುದು ಶಾಲೆಯ ಗಣಿತ. ಪೂರ್ತಿ ಅರ್ಧ ಸುತ್ತು ತಿರುಗಿದರೆ, ತಿರುವಿನ ಆಕಾರ ಹೇಗೇ ಇರಲಿ, ಒಂದು ಮೀಟರ್ ಹೊರಗಿದ್ದದ್ದಕ್ಕೆ 3.14 ಮೀಟರ್ ಹೆಚ್ಚು. ಕಾಲು ಸುತ್ತಾದರೆ ಅದರಲ್ಲಿ ಅರ್ಧ. ಎರಡು ಮೀಟರ್ ಹೊರಗೆ, ಕಾಲು ಸುತ್ತು ಎಂದು ಹಿಡಿದರೂ 3.14 ಮೀಟರ್ ಆಯಿತು. ಒಂದು ಲೆಂಗ್ತ್ ಎಂದರೆ ಸುಮಾರು 2.4 ಮೀಟರ್, ಹಾಗಾಗಿ ಇದು ಒಂದೂಕಾಲು ಲೆಂಗ್ತಿಗಿಂತ ಸ್ವಲ್ಪ ಮೇಲೆ. ಅಂದರೆ ಮೂರನೇ ನಂಬರಿನ ಗೆಲುವು ಅಚ್ಚಾದ ಅಂತರಕ್ಕಿಂತ ದೊಡ್ಡದಾಗಿತ್ತು. ತೂಕ ಕಿತ್ತುಕೊಂಡ ಒಂದು ಲೆಂಗ್ತನ್ನು ತಿರುವು ವಾಪಸ್ ಕೊಟ್ಟಿತು. ಎರಡೂ ಈಗ ಸರಿಸುಮಾರು ಸಮ. ಇಷ್ಟಾದ ಮೇಲೆ ಇಂದಿನ ಡ್ರಾ (ಯಾವ ಕುದುರೆಗೆ ಯಾವ ಗೇಟ್ ಎಂಬುದು) ನೋಡಬೇಕು. ಮೂರಕ್ಕೆ ಮತ್ತೆ ಹೊರಗಿನ ಗೇಟ್ ಬಿದ್ದಿದ್ದರೆ ಅದೇ ನೆಲವನ್ನು ಅದು ಮತ್ತೆ ತುಳಿಯಬೇಕಾಗಬಹುದು.

ಡ್ರಾ ಜೊತೆಗೆ ಫಾಲ್ಸ್ ರೇಲ್. ಒಳಗಿನ ಹುಲ್ಲು ಸವೆಯದಿರಲಿ ಎಂದು ಇಂತಿಷ್ಟು ಮೀಟರ್ ಅಗಲಕ್ಕೆ, ಇಂಥ ಕಂಬದಿಂದ ಗೆಲುವಿನ ಕಂಬದವರೆಗೆ ರೇಲನ್ನು ಹೊರಗೆ ಸರಿಸಿರುತ್ತಾರೆ. ಇದು ರೇಸಿನ ಪ್ರಕಟಣೆಯಲ್ಲೇ ಇರುತ್ತದೆ, ಆದರೆ ಓದುವವರು ಕಡಿಮೆ. ರೇಲು ಐದಾರು ಮೀಟರ್ ಹೊರಗಿದ್ದ ದಿನದ ಟೈಮನ್ನು ಇಲ್ಲದ ದಿನದ ಟೈಮಿನ ಪಕ್ಕದಲ್ಲಿ ಇಡಲೇಬಾರದು, ಓಡಿದ ದೂರವೇ ಬೇರೆ. ಹೊಸ ಹುಲ್ಲು ತೆರೆದ ಮೊದಲ ದಿನ ಒಳಗೆ ಓಡಿದವು ಚೆನ್ನಾಗಿ ಬರುವುದು ಕಾಣುತ್ತದೆ. ಆ ದಿನ ಹೊರಗಿನಿಂದ ಬಂದು ನಾಲ್ಕನೆಯದಾದ ಕುದುರೆಯನ್ನು ನಾನು ಹಾಳೆಯಲ್ಲಿ ಸುತ್ತು ಹಾಕಿ ಇಟ್ಟುಕೊಳ್ಳುತ್ತೇನೆ.

ನೆಲದ ಹದ ಪೆನೆಟ್ರೋಮೀಟರ್ ಹೇಳುತ್ತದೆ. ಅಂಕಿ ಹೆಚ್ಚಿದಷ್ಟೂ ನೆಲ ಮೆತ್ತಗೆ. ಬೇಸಿಗೆ ಸೀಸನ್ನು ಮಳೆಗಾಲದೊಳಕ್ಕೆ ಚಾಚಿಕೊಳ್ಳುವುದರಿಂದ ಮೇ ತಿಂಗಳ ಗಟ್ಟಿ ನೆಲದಲ್ಲಿ ಗೆದ್ದ ಕುದುರೆ ಜುಲೈನಲ್ಲಿ ಬೇರೆಯೇ ಪ್ರಾಣಿಯಂತೆ ಓಡಬಹುದು. ಮೈಸೂರಿನಲ್ಲಿ ಓಡಿ ಬಂದ ಕುದುರೆಗಳ ಟೈಮನ್ನೂ ಬೆಂಗಳೂರಿನ ಟೈಮಿಗೆ ನೇರವಾಗಿ ಹೋಲಿಸುವುದಿಲ್ಲ. ಅಲ್ಲಿ ಯಾರ ಎದುರು, ಎಷ್ಟು ತೂಕಕ್ಕೆ, ಎಷ್ಟು ಅಂತರ ಎಂಬುದಷ್ಟೇ ಇಲ್ಲಿಗೆ ಬರುತ್ತದೆ.

ಆಮೇಲೆ ವೇಗದ ಪ್ರಶ್ನೆ: ಮುಂದೆ ಹೋಗುವವು ಎಷ್ಟು? ಪ್ರತಿ ಕುದುರೆಯ ಕೊನೆಯ ಮೂರು ವಿಡಿಯೋದಲ್ಲಿ ಗೆಲುವಿನ ಕಂಬಕ್ಕೆ 600 ಮೀಟರ್ ಉಳಿದಿರುವ ಕಂಬದ ಹತ್ತಿರ ಅದು ಎಷ್ಟನೆಯದಾಗಿತ್ತು ಎಂದು ಬರೆಯುತ್ತೇನೆ. ಮೂರು ಸಲವೂ ಒಂದು ಅಥವಾ ಎರಡು ಎಂದಿದ್ದರೆ ಅದು ಮುಂದೆ ಓಡುವ ಕುದುರೆ. ಹತ್ತರಲ್ಲಿ ಅಂಥದ್ದು ಒಂದೇ ಇದ್ದರೆ ಅದಕ್ಕೆ ಎರಡು ಮೂರು ಅಂಕ ಹೆಚ್ಚು, ಯಾಕೆಂದರೆ ಯಾರೂ ಕೆಣಕದೆ ಅದು ಉಸಿರು ಉಳಿಸಿಕೊಂಡು ಸ್ಟ್ರೈಟಿಗೆ (ಕೊನೆಯ ನೇರ ಭಾಗಕ್ಕೆ) ಬರುತ್ತದೆ. ಮೂರು ನಾಲ್ಕು ಇದ್ದರೆ ಅವೆಲ್ಲಕ್ಕೂ ಕಡಿತ, ಹಿಂದಿನಿಂದ ಬರುವುದಕ್ಕೆ ಏರಿಕೆ. ಕೊನೆಯ 600 ಮೀಟರ್ ಎಷ್ಟರಲ್ಲಿ ಓಡಿತು ಎಂದು ವಿಡಿಯೋ ಮೇಲೆ ಸ್ಟಾಪ್‌ವಾಚ್ ಒತ್ತಿ ನೋಡುತ್ತೇನೆ. ಕೈಯಲ್ಲಿ ಒತ್ತುವಾಗ ಸೆಕೆಂಡಿನ ಎರಡು ಮೂರು ದಶಾಂಶ ತಪ್ಪೇ ತಪ್ಪುತ್ತದೆ. ಅದಕ್ಕೆ ಮೂರು ಸಲ ಒತ್ತಿ ನಡುವಿನದನ್ನು ಇಟ್ಟುಕೊಳ್ಳುವುದು.

ಟ್ರ್ಯಾಕ್ ವರ್ಕಿನ ಬಗ್ಗೆ ಜನ ಬಹಳ ಉತ್ಸಾಹದಿಂದ ಮಾತಾಡುತ್ತಾರೆ. ಪತ್ರಿಕೆಯಲ್ಲಿ 1000 ಮೀಟರ್ 1-10, 600/41 ಎಂದು ಬರುತ್ತದೆ. ಸಾವಿರ ಮೀಟರನ್ನು ಒಂದು ನಿಮಿಷ ಹತ್ತು ಸೆಕೆಂಡಿನಲ್ಲಿ, ಅದರಲ್ಲಿ ಕೊನೆಯ ಆರುನೂರನ್ನು ನಲವತ್ತೊಂದರಲ್ಲಿ ಎಂದರ್ಥ. ಮೇಲೆ ಕೂತವರ ತೂಕ ಎಷ್ಟು, ಒತ್ತಿ ಓಡಿಸಿದರಾ, ಹಿಡಿದು ಓಡಿಸಿದರಾ ಎಂಬುದು ಅಂಕಿಯಲ್ಲಿ ಇಲ್ಲ. ಔಟರ್ ಸ್ಯಾಂಡ್, ಇನ್ನರ್ ಸ್ಯಾಂಡ್ (ಹೊರಗಿನ, ಒಳಗಿನ ಮರಳಿನ ಟ್ರ್ಯಾಕ್) ಟೈಮುಗಳು ಒಂದಕ್ಕೊಂದು ಹೊಂದುವುದೂ ಇಲ್ಲ. ಹಾಗಾಗಿ ಒಂದು ಕುದುರೆಯ ವರ್ಕನ್ನು ಇನ್ನೊಂದರ ಜೊತೆ ಹೋಲಿಸುವ ಗೋಜಿಗೇ ಹೋಗಬಾರದು. ಅದೇ ಕುದುರೆ ತನ್ನ ಅತ್ಯುತ್ತಮ ರೇಸಿಗೆ ಮುಂಚಿನ ಹತ್ತು ದಿನ ಹೇಗೆ ಕೆಲಸ ಮಾಡಿತ್ತು, ಈಗ ಹೇಗೆ ಮಾಡುತ್ತಿದೆ? ಆಗ ಮೂರು ಸಲ ಕಾಣಿಸಿಕೊಂಡು ಈಗ ಒಂದೇ ಸಲ ಬಂದಿದ್ದರೆ ನಡುವೆ ಏನೋ ಅಡ್ಡ ಬಂದಿದೆ ಎಂದು ಹಿಡಿಯುತ್ತೇನೆ. ದೀರ್ಘ ವಿಶ್ರಾಂತಿಯ ನಂತರ ಬರುವ ಕುದುರೆಗೆ ಈ ಪರೀಕ್ಷೆ ತುಂಬಾ ಮುಖ್ಯ.

ಸ್ಟೀವರ್ಡ್‌ಗಳ ವರದಿಯನ್ನು ದಯವಿಟ್ಟು ಓದಿ. ಗೇಟಿನಲ್ಲಿ ತಡವಾಯಿತು, ಸ್ಟ್ರೈಟಿನಲ್ಲಿ ಜಾಗ ಸಿಗದೆ ಲಗಾಮು ಎಳೆಯಬೇಕಾಯಿತು, ರೇಸಿನ ನಂತರ ಮೂಗಿನಲ್ಲಿ ರಕ್ತ, ಮುಂಗಾಲು ಕುಂಟು: ಇಂಥ ಒಂದೊಂದು ಸಾಲು ಒಂದೊಂದು ಕೆಟ್ಟ ಸ್ಥಾನದ ಕಾರಣ ಬಿಚ್ಚಿಡುತ್ತದೆ. ಅಡ್ಡಿಯಾದ ಕುದುರೆಗೆ ಕಳೆದುಕೊಂಡ ಲೆಂಗ್ತ್ ವಾಪಸ್ ಕೊಡುತ್ತೇನೆ, ಆದರೆ ಪೂರ್ತಿ ಅಲ್ಲ, ಅರ್ಧ ಮಾತ್ರ. ಅಡ್ಡಿ ಇಲ್ಲದಿದ್ದರೆ ಅದು ಗೆಲ್ಲುತ್ತಿತ್ತು ಎಂಬುದಕ್ಕೆ ಸಾಕ್ಷಿ ಇಲ್ಲ. ಪ್ರತಿ ಸಲವೂ ಗೇಟಿನಲ್ಲಿ ತಡ ಮಾಡುವ ಕುದುರೆಗೆ ಏನೂ ಕೊಡುವುದಿಲ್ಲ. ಅದು ದುರದೃಷ್ಟವಲ್ಲ, ಅದರ ಸ್ವಭಾವ.

ಅಂಕ ಹಂಚುವಾಗ ಹಾಳೆಯಲ್ಲಿ ಮೊದಲು ಕೆಳಗಿನಿಂದ ಬರುತ್ತೇನೆ. ಗೆಲ್ಲುವುದು ತೀರಾ ಕಷ್ಟ ಎನಿಸಿದವಕ್ಕೂ 2, 3 ಹಾಕಬೇಕು, ಸೊನ್ನೆ ಹಾಕಬಾರದು. ಆಮೇಲೆ ಮೇಲಿನವು. ಹತ್ತು ಕುದುರೆಯ ಒಂದು ಸಾಮಾನ್ಯ ಹ್ಯಾಂಡಿಕ್ಯಾಪ್ ನನ್ನ ಹಾಳೆಯಲ್ಲಿ ಹೀಗೆ ಕಾಣುತ್ತದೆ: 26, 19, 14, 11, 9, 7, 5, 4, 3, 2. ಯಾವುದಕ್ಕಾದರೂ 45 ಹಾಕಬೇಕು ಎನಿಸಿದರೆ ಪೆನ್ನು ಕೆಳಗಿಟ್ಟು ಮತ್ತೆ ಮೊದಲಿನಿಂದ ನೋಡುತ್ತೇನೆ. ಬಹುತೇಕ ಸಲ ಅಲ್ಲಿ ಒಂದೇ ಕಾರಣ ಎರಡು ಸಲ ಲೆಕ್ಕಕ್ಕೆ ಬಂದಿರುತ್ತದೆ.

ಈ ಎರಡೆರಡು ಎಣಿಕೆ ಬಹಳ ನಯವಾಗಿ ಒಳಗೆ ಬರುತ್ತದೆ. ರೇಟಿಂಗ್ ಇಳಿದಿದೆ ಎಂದು ಎರಡು ಅಂಕ, ತೂಕ ಹಗುರ ಎಂದು ಇನ್ನೆರಡು. ಎರಡೂ ಒಂದೇ ಸಂಗತಿ. ದೊಡ್ಡ ಜಾಕಿ ಕೂತಿದ್ದಾರೆ ಎಂದು ಮೂರು ಅಂಕ ಕೊಟ್ಟೆವು, ಆದರೆ ಹಿಂದಿನ ಮೂರೂ ರೇಸಿನಲ್ಲಿ ಅವರೇ ಕೂತಿದ್ದರೆ ಅವರ ಕೈಚಳಕ ಆ ಅಂತರಗಳಲ್ಲೇ ಸೇರಿಹೋಗಿದೆ. ಜಾಕಿ ಬದಲಾದಾಗ ಮಾತ್ರ ಅಂಕ ಬದಲಾಗಬೇಕು. ಅಪ್ರೆಂಟಿಸ್ ಹುಡುಗನಿಗೆ ಸಿಗುವ ತೂಕದ ರಿಯಾಯಿತಿಯೂ ಹಾಗೆಯೇ. ಕೆಜಿ ಲೆಕ್ಕದಲ್ಲಿ ಒಮ್ಮೆ ಬಂತು, ಮುಗಿಯಿತು. ಬ್ಲಿಂಕರ್ (ಕಣ್ಣಿನ ಪಕ್ಕದ ಮರೆ) ಮೊದಲ ಸಲ ಹಾಕಿದರೆ ಒಂದೆರಡು ಅಂಕ ಕೊಡುತ್ತೇನೆ, ಎರಡನೇ ಸಲಕ್ಕೆ ಇಲ್ಲ.

ರೇಸಿನ ದಿನ ಪ್ಯಾಡಾಕ್, ಅಂದರೆ ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಜಾಗ. ಇಲ್ಲಿಗೆ ಮೂರು ಅಂಕದ ಮಿತಿ ಹಾಕಿಕೊಂಡಿದ್ದೇನೆ; ಎಷ್ಟೇ ಚೆನ್ನಾಗಿ ಕಂಡರೂ ಅದಕ್ಕಿಂತ ಹೆಚ್ಚು ಏರಿಸುವುದಿಲ್ಲ, ಇಳಿಸುವುದಿಲ್ಲ. ನಡಿಗೆ ನೋಡಬೇಕು: ಹಿಂಗಾಲಿನ ಗೊರಸು ಮುಂಗಾಲು ಬಿಟ್ಟ ಗುರುತನ್ನು ದಾಟಿ ಬೀಳುತ್ತಿದೆಯಾ? ದಾಟುತ್ತಿದ್ದರೆ ಬೆನ್ನು, ಸೊಂಟ ಸಡಿಲವಾಗಿದೆ. ಮೇ ತಿಂಗಳ ಮಧ್ಯಾಹ್ನ ಕತ್ತಿನ ಮೇಲಿನ ಬೆವರಿಗೆ ಅರ್ಥವಿಲ್ಲ. ಹಿಂದೊಡೆಗಳ ನಡುವೆ ಬಿಳಿ ನೊರೆ ಕಟ್ಟಿ, ಒಬ್ಬ ಸೈಸ್ (ಕುದುರೆ ನೋಡಿಕೊಳ್ಳುವವನು) ಸಾಲದೆ ಇಬ್ಬರು ಹಿಡಿದು ನಡೆಸುತ್ತಿದ್ದರೆ ಆ ಕುದುರೆ ಓಟವನ್ನು ಇಲ್ಲೇ ಓಡಿ ಮುಗಿಸುತ್ತಿದೆ. ಹೊಸಬರ ರೇಸಿನಲ್ಲಿ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆದರೆ ಯಾವಾಗಲೂ ಹೀಗೇ ಬೆವರಿ ಗೆದ್ದ ಕುದುರೆಗಳೂ ಇವೆ. ಅದಕ್ಕೇ ಪ್ರತಿ ಕುದುರೆಯ ಹೆಸರಿನ ಮುಂದೆ ಆ ದಿನ ಪ್ಯಾಡಾಕಿನಲ್ಲಿ ಹೇಗಿತ್ತು ಎಂದು ನಾಲ್ಕು ಪದ ಬರೆದಿಟ್ಟರೆ ಮುಂದಿನ ಸಲ ಅದನ್ನು ಅದಕ್ಕೇ ಹೋಲಿಸಬಹುದು.

ಈಗ ರೇಟು ನೋಡಬಹುದು. ನಾಲ್ಕಕ್ಕೆ ಒಂದು (ಒಂದು ಕಟ್ಟಿದರೆ ನಾಲ್ಕು ಲಾಭ) ಎಂದರೆ 20 ಅಂಕ, ಮೂರಕ್ಕೆ ಒಂದು 25, 6/4 ಎಂದರೆ 40, ಈವನ್ ಮನಿ (ಕಟ್ಟಿದಷ್ಟೇ ಲಾಭ) 50. ಬೋರ್ಡಿನ ಎಲ್ಲ ರೇಟುಗಳನ್ನೂ ಹೀಗೆ ತಿರುಗಿಸಿ ಕೂಡಿದರೆ ನೂರನ್ನು ದಾಟುತ್ತದೆ. ಆ ಹೆಚ್ಚಿನ ಭಾಗ ಬುಕ್ಕಿಯದ್ದು. ಅದರ ಮೇಲೆ ತೆರಿಗೆ. ಬೆಟ್ಟಿನ ಪೂರ್ತಿ ಮೊತ್ತದ ಮೇಲಿನ ಜಿಎಸ್‌ಟಿ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 40 ಆಯಿತು. ನೂರರ ಬೆಟ್ಟಿಗೆ ಕೈಯಿಂದ 140 ಹೋದರೆ, ನಾಲ್ಕಕ್ಕೆ ಒಂದರಲ್ಲಿ ಗೆದ್ದಾಗ ಬರುವುದು 500. ಅಸಲು ಗಿಟ್ಟಲು ಬೇಕಾದ್ದು 20 ಅಂಕವಲ್ಲ, 28. ಈವನ್ ಮನಿಯಲ್ಲಿ 50 ಅಲ್ಲ, 70. ಮೇಲಿನ ಹಾಳೆಯಲ್ಲಿ 26 ಅಂಕದ ಕುದುರೆ ನಾಲ್ಕಕ್ಕೆ ಒಂದು ಸಿಕ್ಕರೂ ಲೆಕ್ಕಕ್ಕೆ ಕೂಡುವುದಿಲ್ಲ. ಕಾರ್ಡಿನ ಎಂಟು ರೇಸಿನಲ್ಲಿ ಎಂಟೂ ನೋಡಿ ಸುಮ್ಮನಿರುವ ದಿನಗಳೇ ಈಗ ಹೆಚ್ಚು. ಬೆಟ್ ಕಟ್ಟದಿದ್ದರೂ ಹಾಳೆ ಪೂರ್ತಿ ಮಾಡುವುದನ್ನು ನಾನು ಬಿಟ್ಟಿಲ್ಲ.

ಸಂಜೆ ಫಲಿತಾಂಶ ತುಂಬುವಾಗ ಗೆದ್ದ ಕುದುರೆಗೆ ನಾನು ಎಷ್ಟು ಹಾಕಿದ್ದೆ ಎಂಬುದನ್ನು ಕೆಂಪಿನಲ್ಲಿ ಬರೆಯುತ್ತೇನೆ. ಇನ್ನೂರು ರೇಸ್ ಆದ ಮೇಲೆ 20ರಿಂದ 29 ಅಂಕ ಪಡೆದವನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ ಎಣಿಸಬೇಕು. ಅವು ನಾಲ್ಕರಲ್ಲಿ ಒಂದು ಸಲ ಗೆಲ್ಲುತ್ತಿದ್ದರೆ ಅಂಕ ಸರಿ ಬೀಳುತ್ತಿದೆ. ಆರರಲ್ಲಿ ಒಂದು ಎಂದಾದರೆ ಮೇಲಿನ ಕುದುರೆಗಳಿಗೆ ಹೆಚ್ಚು ಕೊಡುತ್ತಿದ್ದೇನೆ, ಎಲ್ಲೋ ಎರಡೆರಡು ಎಣಿಕೆ ನಡೆಯುತ್ತಿದೆ. ಆಗ ಕೆಂಪು ಸಾಲುಗಳನ್ನು ದೂರದ ಪ್ರಕಾರ ಬೇರೆ ಮಾಡಿ, 1200ರದ್ದು ಒಂದು ಹಾಳೆ, 1400ರದ್ದು ಇನ್ನೊಂದು, ಹೀಗೆ ಇಟ್ಟು ಯಾವ ಹಾಳೆಯಲ್ಲಿ ತಪ್ಪು ತುಂಬಿದೆ ಎಂದು ಹುಡುಕುತ್ತೇನೆ.