ಎರಡು ಸಾವಿರದ ಪುಸ್ತಕ ಕೊಳ್ಳುವ ಮುಂಚೆ

ಮುಖಪುಟದ ಫೋಟೊ ಕಳಿಸಿ “ಮೇಡಂ, ಇದನ್ನು ಕೊಳ್ಳಬಹುದಾ?” ಎಂದು ಕೇಳುವವರಿಗೆಲ್ಲ ನನ್ನದು ಒಂದೇ ಉತ್ತರ. ಮುಖಪುಟ ಬೇಡ. ಶೀರ್ಷಿಕೆ ಪುಟದ ಹಿಂಬದಿ, ಮುನ್ನುಡಿ, ಕೊನೆಯಲ್ಲಿರುವ ಪದಸೂಚಿ (ಇಂಡೆಕ್ಸ್), ಈ ಮೂರರ ಫೋಟೊ ಕಳಿಸಿ. ಬೆನ್ನಪುಟದ ಹೊಗಳಿಕೆಯನ್ನಂತೂ ನಾನು ಓದುವುದೇ ಇಲ್ಲ. ಹೊಗಳಲೆಂದೇ ಕರೆಸಿದವರು ಹೊಗಳದೆ ಇನ್ನೇನು ಮಾಡುತ್ತಾರೆ?

ನಾನು ಅಂಕೋಲೆ ಕಡೆಯವಳು. ಮುಂಬಯಿಯ ಕಾಲೇಜೊಂದರ ಲೈಬ್ರರಿಯಲ್ಲಿ ಕ್ಯಾಟಲಾಗ್ ಮಾಡುತ್ತ ನಿವೃತ್ತಳಾಗಿ ಈಗ ಮುಲುಂಡಿನಲ್ಲಿದ್ದೇನೆ. ಪ್ರೊಫೆಸರ್ ಅಲ್ಲ. ಆದರೆ ಇತಿಹಾಸ, ಭೌತಶಾಸ್ತ್ರ, ಬಡತನದ ಲೆಕ್ಕ ಎಲ್ಲವೂ ಒಂದೇ ಮೇಜಿನ ಮೇಲೆ ಬಂದು ಬೀಳುವ ಕೆಲಸ ಅದು. ಇಡೀ ಪುಸ್ತಕ ಓದದೆ ಅದರ ಯೋಗ್ಯತೆ ಅಳೆಯುವುದನ್ನು ಆ ಮೇಜೇ ಕಲಿಸಿತು. ವಿಶ್ವವಿದ್ಯಾಲಯದ ಹಂಗಿಲ್ಲದೆ ಸಂಬಳದ ದುಡ್ಡಿನಲ್ಲಿ ಸಂಶೋಧನಾ ಗ್ರಂಥ ಕೊಳ್ಳುವವರಿಗೆ ಅದು ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಮೊದಲು ಶೀರ್ಷಿಕೆ ಪುಟದ ಹಿಂಬದಿ. ಅಲ್ಲಿ ಬೇಕಾದದ್ದು ಮೊದಲ ಸಲ ಅಚ್ಚಾದ ವರ್ಷ. ‘ಮರುಮುದ್ರಣ’ ಅಂದರೆ ಹಳೆಯ ಅಚ್ಚೇ, ಹೊಸ ಕಾಗದದ ಮೇಲೆ. ‘ಪರಿಷ್ಕೃತ ಆವೃತ್ತಿ’ ಅಂದರೆ ಒಳಗೆ ಏನೋ ಬದಲಾಗಿದೆ. ಅಂಗಡಿಯಲ್ಲಿ ಎರಡಕ್ಕೂ ‘ನ್ಯೂ ಎಡಿಷನ್’ ಎನ್ನುತ್ತಾರೆ. ನಮ್ಮ ಮುಂಬಯಿಯದೇ ಉದಾಹರಣೆ ಕೊಡುತ್ತೇನೆ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸಿದ ಜಿ.ಎಸ್. ಘುರ್ಯೆ ಅವರ ಜಾತಿ ಕುರಿತ ಪುಸ್ತಕ 1932ರಲ್ಲಿ ‘ಕಾಸ್ಟ್ ಅಂಡ್ ರೇಸ್ ಇನ್ ಇಂಡಿಯಾ’ ಎಂದು ಬಂತು. 1950ರ ದಶಕದಲ್ಲಿ ಅದೇ ಪುಸ್ತಕ ಬದಲಾವಣೆಗಳೊಂದಿಗೆ ‘ಕಾಸ್ಟ್ ಅಂಡ್ ಕ್ಲಾಸ್ ಇನ್ ಇಂಡಿಯಾ’ ಆಯಿತು. 1961ರಲ್ಲಿ ‘ಕಾಸ್ಟ್, ಕ್ಲಾಸ್ ಅಂಡ್ ಆಕ್ಯುಪೇಶನ್’ ಆಯಿತು. 1969ರ ಹೊತ್ತಿಗೆ ಮತ್ತೆ ಹಳೆಯ ಹೆಸರಿಗೇ ಮರಳಿತು. ಮೂರು ಬೇರೆ ಪುಸ್ತಕ ಎಂದುಕೊಂಡು ಮೂರನ್ನೂ ಕೊಂಡವರನ್ನು ಬಲ್ಲೆ. ಯಾರೋ ಅಡಿಟಿಪ್ಪಣಿಯಲ್ಲಿ ಕೊಟ್ಟ ಪುಟಸಂಖ್ಯೆ ನಿಮ್ಮ ಪ್ರತಿಯಲ್ಲಿ ಸಿಗದಿದ್ದರೆ ಆವೃತ್ತಿ ಬೇರೆ ಇರಬಹುದು, ಮೊದಲು ಅದನ್ನು ನೋಡಿ.

ಅದೇ ಪುಟದಲ್ಲಿ ಪ್ರಕಾಶಕರ ಹೆಸರೂ ಇರುತ್ತದೆ. ಒಳ್ಳೆಯ ವಿದ್ವತ್ ಪ್ರಕಾಶನದವರು ಹಸ್ತಪ್ರತಿಯನ್ನು ಅದೇ ವಿಷಯ ಬಲ್ಲ ಬೇರೆಯವರಿಗೆ ಓದಲು ಕೊಟ್ಟು, ಅವರು ಹೇಳಿದ್ದನ್ನು ಲೇಖಕರಿಂದ ತಿದ್ದಿಸಿ, ಆಮೇಲೆ ಅಚ್ಚಿಗೆ ಕೊಡುತ್ತಾರೆ. ಇನ್ನು ಕೆಲವರು ಪಿಎಚ್‌ಡಿ ಮುಗಿದ ವಾರದಲ್ಲೇ “ನಿಮ್ಮ ಪ್ರಬಂಧ ಪುಸ್ತಕ ಮಾಡುತ್ತೇವೆ” ಎಂದು ಮೇಲ್ ಹಾಕಿ, ಬಂದದ್ದನ್ನು ಬಂದ ಹಾಗೆ ಅಚ್ಚು ಹಾಕಿ, ಡಾಲರಿನಲ್ಲಿ ಬೆಲೆ ಕಟ್ಟುತ್ತಾರೆ. ಐಎಸ್‌ಬಿಎನ್ ಇಬ್ಬರಿಗೂ ಸಿಗುತ್ತದೆ. ಅದು ಬರೀ ಗುರುತಿನ ಸಂಖ್ಯೆ, ಗುಣಮಟ್ಟದ ಮುದ್ರೆ ಅಲ್ಲ. ಇಂಥ ಪ್ರಬಂಧಕ್ಕೆ ದುಡ್ಡು ಕೊಡುವ ಮುಂಚೆ ಶೋಧಗಂಗಾದಲ್ಲಿ ಹುಡುಕಿ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಉಚಿತ.

ಮುನ್ನುಡಿ ಮತ್ತು ಕೃತಜ್ಞತೆಯ ಪುಟಗಳನ್ನು ಜನ ಹಾರಿಸಿಬಿಡುತ್ತಾರೆ. ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಅಲ್ಲೇ. ಸಂಶೋಧನೆಗೆ ದುಡ್ಡು ಕೊಟ್ಟವರು ಯಾರು, ಯಾವ ಊರಿನಲ್ಲಿ ಎಷ್ಟು ಕಾಲ ಇದ್ದರು, ಭಾಷೆ ಬರುತ್ತಿತ್ತೇ ಅಥವಾ ದುಭಾಷಿ ಇದ್ದರೇ, ಯಾವ ದಾಖಲೆ ಕೋಣೆಯಲ್ಲಿ ಕೂತಿದ್ದರು, ಎಲ್ಲ ಅಲ್ಲೇ ಬಾಯಿಬಿಡುತ್ತದೆ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಅವರನ್ನೇ ತೆಗೆದುಕೊಳ್ಳಿ. ಘುರ್ಯೆ ಅವರ ಶಿಷ್ಯರಾಗಿ ಮುಂಬಯಿಗೆ ಬಂದವರು, ಮೈಸೂರಿನ ಮದುವೆ–ಕುಟುಂಬದ ಬಗೆಗಿನ ಮೊದಲ ಪುಸ್ತಕ 1942ರಲ್ಲಿ ಈ ಊರಿನಲ್ಲೇ ಅಚ್ಚಾಯಿತು. ಆಮೇಲಿನ ‘ದಿ ರಿಮೆಂಬರ್ಡ್ ವಿಲೇಜ್’ (1976) ಮೈಸೂರು ಕಡೆಯ ಒಂದು ಹಳ್ಳಿಯಲ್ಲಿ 1948ರಲ್ಲಿ ಮಾಡಿದ ಕ್ಷೇತ್ರಕಾರ್ಯದ ಫಲ. ಆದರೆ 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಸಂಸ್ಥೆಗೆ ಯಾರೋ ಬೆಂಕಿ ಹಚ್ಚಿದರು. ಅವರು ವರ್ಷಗಟ್ಟಲೆ ಅಣಿಮಾಡಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಬಹುಮಟ್ಟಿಗೆ ನೆನಪಿನ ಬಲದ ಮೇಲೆ ಬರೆದ ಪುಸ್ತಕ ಅದು. ಮುನ್ನುಡಿ ಬಿಟ್ಟು ಓದಿದವರು “ಕೋಷ್ಟಕ ಎಲ್ಲಿ, ಅಂಕಿಅಂಶ ಎಲ್ಲಿ?” ಎಂದು ಗೊಣಗುತ್ತಾರೆ. ಮುನ್ನುಡಿ ಓದಿದವರು ಯಾವ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು ಎಂದು ತಿಳಿದೇ ಒಳಗೆ ಹೋಗುತ್ತಾರೆ.

ಇನ್ನು ಪದಸೂಚಿ. ನನಗೆ ಅತ್ಯಂತ ಇಷ್ಟದ ಪರೀಕ್ಷೆ ಇದು, ಯಾರು ಬೇಕಾದರೂ ಮಾಡಬಹುದು. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಊರನ್ನೋ ವಿಷಯವನ್ನೋ ಪದಸೂಚಿಯಲ್ಲಿ ಹುಡುಕಿ, ಆ ಪುಟಕ್ಕೆ ಹೋಗಿ ಓದಿ. ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಹಾಗಾಗಿ ‘ಬಾಂಬೆ ಪ್ರೆಸಿಡೆನ್ಸಿ’ ಎಂದು ಹೆಸರಿಟ್ಟುಕೊಂಡ ಯಾವುದೇ ಪುಸ್ತಕದಲ್ಲಿ ನಮ್ಮ ಜಿಲ್ಲೆಗೆ, ಧಾರವಾಡಕ್ಕೆ, ಬಿಜಾಪುರಕ್ಕೆ ಜಾಗ ಇರಬೇಕು. ಕಾನೂನುಭಂಗ ಚಳವಳಿಯ ಪುಸ್ತಕ ಕೈಗೆ ಬಂದರೆ ನಾನು ಮೊದಲು ನೋಡುವುದು ಅಂಕೋಲೆ, ಸಿದ್ದಾಪುರ. 1930ರ ಏಪ್ರಿಲಿನಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ಶುರುವಾದದ್ದು ಅಂಕೋಲೆಯಲ್ಲಿ. ಅದರ ಬೆನ್ನಿಗೇ ಈ ಎರಡೂ ತಾಲೂಕುಗಳಲ್ಲಿ ಕರನಿರಾಕರಣೆ ನಡೆಯಿತು. ಇಡೀ ಪ್ರೆಸಿಡೆನ್ಸಿಯ ಕಥೆ ಹೇಳುತ್ತೇನೆ ಎಂದವರ ಪದಸೂಚಿಯಲ್ಲಿ ಇವೆರಡೂ ಇಲ್ಲದಿದ್ದರೆ ಅವರು ಪುಣೆ–ಗುಜರಾತ್ ಬಿಟ್ಟು ತೆಂಕಕ್ಕೆ ಇಳಿದಿಲ್ಲ ಎಂದು ಲೆಕ್ಕ. ಅಷ್ಟಕ್ಕೇ ಪುಸ್ತಕ ಕೆಟ್ಟದ್ದಾಗುವುದಿಲ್ಲ. ಹೆಸರು ದೊಡ್ಡದು, ಒಳಗಿನ ವ್ಯಾಪ್ತಿ ಸಣ್ಣದು, ಅಷ್ಟೆ. ಹಾಂ, ಹುಡುಕುವಾಗ ಹಳೆಯ ಕಾಗುಣಿತ ಮರೆಯಬೇಡಿ. ಕಾರವಾರ ಇಂಗ್ಲಿಷಿನಲ್ಲಿ ‘ಕೆ’ ಅಕ್ಷರದಲ್ಲಿ ಇಲ್ಲದಿದ್ದರೆ ‘ಸಿ’ಯಲ್ಲಿ ನೋಡಿ, ಕೆನರಾ ಕೂಡ ಹಾಗೇ. ಧಾರವಾಡದ ಕೊನೆಯಲ್ಲಿ ‘ಡಿ’ ಬದಲು ‘ಆರ್’ ಇದ್ದೀತು. ಪದಸೂಚಿಯೇ ಇಲ್ಲದ ಸಂಶೋಧನಾ ಗ್ರಂಥವನ್ನು ನಾನು ಕೊಳ್ಳುವುದಿಲ್ಲ. ಕನ್ನಡದಲ್ಲಿ ಮಾತ್ರ ಈ ನಿಯಮ ಸಡಿಲಿಸಲೇಬೇಕು. ನಮ್ಮಲ್ಲಿ ಎಷ್ಟೋ ಒಳ್ಳೆಯ ಗ್ರಂಥಗಳಿಗೆ ಪದಸೂಚಿ ಮಾಡುವ ತಾಳ್ಮೆ ಯಾರಿಗೂ ಇರಲಿಲ್ಲ.

ಬಡತನ, ಶಿಕ್ಷಣ, ಆರೋಗ್ಯ ಇಂಥ ನೀತಿಗೆ ಸಂಬಂಧಿಸಿದ ಪುಸ್ತಕಗಳಾದರೆ ಪದಸೂಚಿಗಿಂತ ಕೋಷ್ಟಕದ ಕೆಳಗಿನ ಸಣ್ಣ ಅಕ್ಷರ ಮುಖ್ಯ. ಪುಸ್ತಕದ ವರ್ಷ ಬೇರೆ, ಅದರೊಳಗಿನ ಅಂಕಿಯ ವರ್ಷ ಬೇರೆ. ಪುಣೆಯ ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ ಅವರ ‘ಪಾವರ್ಟಿ ಇನ್ ಇಂಡಿಯಾ’ ಬಂದದ್ದು 1971ರಲ್ಲಿ. ದಿನಕ್ಕೆ 2250 ಕ್ಯಾಲೊರಿ ಆಹಾರ ಸಿಗುವಷ್ಟು ಖರ್ಚನ್ನು ಲೆಕ್ಕ ಹಾಕಿ, ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ 15 ರೂಪಾಯಿ, ಪಟ್ಟಣದಲ್ಲಿ 22.50 ರೂಪಾಯಿ ಎಂದು ಅವರು ಬಡತನದ ಗೆರೆ ಎಳೆದರು. ಅದು 1960–61ರ ಬೆಲೆಯಲ್ಲಿ. ಈ ಒಂದು ಸಾಲು ಬಿಟ್ಟು ಹದಿನೈದು ರೂಪಾಯಿಯನ್ನು ಮಾತ್ರ ಎತ್ತಿಕೊಂಡು ಭಾಷಣ ಮಾಡಿದವರನ್ನು ಕೇಳಿದ್ದೇನೆ. ಹೊಸ ಪುಸ್ತಕಗಳಲ್ಲೂ ಇದನ್ನೇ ನೋಡಿ. 2024ರಲ್ಲಿ ಬಂದ ಪುಸ್ತಕವೂ ಜನಸಂಖ್ಯೆಗೆ 2011ರ ಜನಗಣತಿಯನ್ನೇ ನೆಚ್ಚಿರುತ್ತದೆ, ಅದರ ನಂತರದ್ದು ಆಗ ಇರಲೇ ಇಲ್ಲವಲ್ಲ. ಹಾಗೆ ನೆಚ್ಚಿದ್ದನ್ನು ಲೇಖಕರು ಬಾಯಿಬಿಟ್ಟು ಹೇಳಿದ್ದಾರೆಯೇ ಎಂಬುದನ್ನು ಗಮನಿಸಿ.

ವಿಜ್ಞಾನದ ಬಗ್ಗೆ ಹೆಚ್ಚು ಹೇಳಲಾರೆ. ಪಠ್ಯಪುಸ್ತಕವಾದರೆ ಇತ್ತೀಚಿನ ಆವೃತ್ತಿ ಕೊಳ್ಳಿ. ಹೊಸ ಸಂಶೋಧನೆ ಬೇಕಿದ್ದರೆ ಪುಸ್ತಕ ಹುಡುಕಬೇಡಿ, ಅದು ಸಂಶೋಧನಾ ಪತ್ರಿಕೆಗಳಲ್ಲಿ, ಆರ್ಕೈವ್ (arXiv) ಎಂಬ ಜಾಲತಾಣದಲ್ಲಿ ಇರುತ್ತದೆ. ಒಂದು ಶಾಸ್ತ್ರದವರು ಇನ್ನೊಂದಕ್ಕೆ ಕಾಲಿಟ್ಟು ಬರೆದ ಪುಸ್ತಕಗಳಲ್ಲಿ ಮಾತ್ರ ತುಸು ನಿಲ್ಲಬೇಕು. ಗೋವಾದಲ್ಲಿ ಹುಟ್ಟಿ, ಪುಣೆಯಲ್ಲಿ ಮನೆ ಮಾಡಿ, ಡೆಕ್ಕನ್ ಕ್ವೀನ್ ರೈಲಿನಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಓಡಾಡುತ್ತಿದ್ದ ಡಿ.ಡಿ. ಕೋಸಂಬಿ ಗಣಿತಜ್ಞರು. 1956ರ ಅವರ ಭಾರತೀಯ ಇತಿಹಾಸದ ಪುಸ್ತಕ ಇತಿಹಾಸ ಬರೆಯುವ ರೀತಿಯನ್ನೇ ಬದಲಿಸಿತು. ಚಲಾವಣೆಯಲ್ಲಿ ನಾಣ್ಯ ಸವೆದು ತೂಕ ಇಳಿಯುವುದನ್ನು ಸಂಖ್ಯಾಶಾಸ್ತ್ರದಿಂದ ಅಳೆದು ಕಾಲ ಊಹಿಸಿದವರು ಅವರು. ತಮ್ಮ ಗಣಿತವನ್ನು ತಂದು ನಾಣ್ಯವನ್ನೇ ತಕ್ಕಡಿಗೆ ಹಾಕಿದರು, ಅದಕ್ಕೇ ಆ ಕೆಲಸಕ್ಕೆ ತೂಕ ಬಂತು. ಬೇರೆ ಶಾಸ್ತ್ರದ ಎರಡು ಜನಪ್ರಿಯ ಪುಸ್ತಕ ಓದಿ ಷರಾ ಬರೆಯುವವರೂ ಇದ್ದಾರೆ. ಅಡಿಟಿಪ್ಪಣಿ ನೋಡಿದರೆ ಯಾರು ಯಾವ ಬಗೆಯವರು ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಎಲ್ಲಿ ಹುಡುಕುವುದು? ಕೊಳ್ಳುವುದು ಕೊನೆಯ ದಾರಿ. ಫೋರ್ಟಿನ ಏಷ್ಯಾಟಿಕ್ ಸೊಸೈಟಿ 1804ರಲ್ಲಿ ಹುಟ್ಟಿದ್ದು, ಟೌನ್ ಹಾಲಿನ ಆ ಎತ್ತರದ ಮೆಟ್ಟಿಲು ಹತ್ತಿದರೆ ಸಿಗುತ್ತದೆ. ಕಾಲಾ ಘೋಡಾದ ಡೇವಿಡ್ ಸಸೂನ್ ಲೈಬ್ರರಿ ಓದಲು ಕೂರಲಿಕ್ಕೆ ತಂಪಾದ ಜಾಗ, ಸಂಶೋಧನಾ ಗ್ರಂಥಕ್ಕೆ ಏಷ್ಯಾಟಿಕ್ ಮೇಲು. ಕಾಲೀನಾದಲ್ಲಿ ವಿಶ್ವವಿದ್ಯಾಲಯದ ಜವಾಹರಲಾಲ್ ನೆಹರೂ ಗ್ರಂಥಾಲಯ ಇದೆ, ಅದೇ ಆವರಣದಲ್ಲಿ ನಮ್ಮ ಕನ್ನಡ ವಿಭಾಗವೂ ಇದೆ. ಸಮಾಜನೀತಿಗೆ ದೇವನಾರಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ. ಹೊರಗಿನವರಿಗೆ ಸದಸ್ಯತ್ವ, ಪತ್ರ, ಶುಲ್ಕ ಒಂದೊಂದು ಕಡೆ ಒಂದೊಂದು ರೀತಿ, ಫೋನ್ ಮಾಡಿಯೇ ಹೊರಡಿ. ಕಪಾಟಿನ ಮುಂದೆ ನಿಂತಾಗ ಒಂದು ವಿಷಯ ನೆನಪಿರಲಿ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಜಾತಿಯ ಪುಸ್ತಕ 305ರಲ್ಲಿ ಒಂದಿಷ್ಟು, ಹಿಂದೂ ಧರ್ಮದ 294ರಲ್ಲಿ ಒಂದಿಷ್ಟು, ಭಾರತದ ಇತಿಹಾಸದ 954ರಲ್ಲಿ ಒಂದಿಷ್ಟು ಎಂದು ಚದುರಿಹೋಗಿರುತ್ತದೆ. ಒಂದೇ ಸಾಲು ನೋಡಿ “ಇಲ್ಲ” ಎಂದು ವಾಪಸಾಗಬೇಡಿ. ತೆಗೆದ ಪುಸ್ತಕವನ್ನು ನೀವೇ ಒಳಗಿಡಬೇಡಿ, ಮೇಜಿನ ಮೇಲೆ ಬಿಡಿ. ತಪ್ಪು ಜಾಗಕ್ಕೆ ಸೇರಿದ ಪುಸ್ತಕ ಕಳೆದುಹೋದ ಪುಸ್ತಕವೇ.

ಹಳೆಯ ಪುಸ್ತಕ ಬೇಕಿದ್ದರೆ ಹುತಾತ್ಮಾ ಚೌಕದ ಫುಟ್‌ಪಾತ್, ಪಠ್ಯಪುಸ್ತಕಕ್ಕೆ ಮಾಟುಂಗಾದ ಕಿಂಗ್ಸ್ ಸರ್ಕಲ್. ನನ್ನ ನೆಚ್ಚಿನದು ರದ್ದಿ ಅಂಗಡಿ. ಓದುಗರೊಬ್ಬರು ಮನೆ ಖಾಲಿ ಮಾಡಿದಾಗ ಕಪಾಟು ಕಪಾಟೇ ಅಲ್ಲಿಗೆ ಬಂದು ಬೀಳುತ್ತದೆ. ಲೈಬ್ರರಿಯ ಸೀಲು ಇದ್ದರೆ ಪಕ್ಕದಲ್ಲಿ ‘ವಿತ್‌ಡ್ರಾನ್’ ಎಂಬ ಮುದ್ರೆಯೂ ಇದೆಯೇ ನೋಡಿ. ಇಲ್ಲದಿದ್ದರೆ ಅದು ಯಾರೋ ಹಿಂತಿರುಗಿಸದ ಪುಸ್ತಕ, ಕೈಬಿಡಿ.

ಹಳೆಯ ಗ್ರಂಥದ ‘ಫ್ಯಾಕ್ಸಿಮಿಲಿ’ ಪ್ರತಿಯನ್ನು ಆನ್‌ಲೈನಿನಲ್ಲಿ ಸಾವಿರ ರೂಪಾಯಿಗೆ ಮಾರುವವರಿಂದ ದೂರವಿರಿ. ಸ್ಕ್ಯಾನ್ ಮಾಡಿದ್ದನ್ನೇ ಅಚ್ಚೊತ್ತುತ್ತಾರೆ, ಮಡಚಿದ ನಕ್ಷೆ ಮಡಚಿದಂತೆಯೇ ಸ್ಕ್ಯಾನ್ ಆಗಿರುತ್ತದೆ, ಶಾಸನಗಳ ಫಲಕ ಕಪ್ಪು ಮಸಿ. 1883ರ ಕೆನರಾ ಗೆಜೆಟಿಯರ್ ಆಗಲಿ, ಬಿ.ಎಲ್. ರೈಸ್ ಅವರ ಶಾಸನ ಸಂಪುಟ ಎಪಿಗ್ರಾಫಿಯಾ ಕರ್ನಾಟಿಕಾ ಆಗಲಿ ಇಂಟರ್ನೆಟ್ ಆರ್ಕೈವಿನಲ್ಲಿ ಬಿಟ್ಟಿ ಸಿಗುತ್ತವೆ. ನಮ್ಮ ಕಾಯಿದೆಯಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ, ಆಮೇಲೆ ಎಲ್ಲರದು. ಹೊಸ ಗ್ರಂಥಗಳಲ್ಲೂ ಪ್ರಕಾಶಕರೇ ಉಚಿತವಾಗಿ ಬಿಟ್ಟವು ಸಾವಿರಾರು ಇವೆ. ಡೈರೆಕ್ಟರಿ ಆಫ್ ಓಪನ್ ಆ್ಯಕ್ಸೆಸ್ ಬುಕ್ಸ್ ಎಂದು ಹುಡುಕಿ.

ಓದುವುದು ಹೇಗೆ ಎಂದು ಕೇಳಿದರೆ, ಮೊದಲ ಪುಟದಿಂದ ಶುರು ಮಾಡಬೇಡಿ. ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಂಥ ಕಡೆ ಬಂದ ವಿಮರ್ಶೆ ಒಂದು, ಪುಸ್ತಕದ ಪ್ರಸ್ತಾವನೆ, ಕೊನೆಯ ಅಧ್ಯಾಯ, ಆಮೇಲೆ ನಿಮಗೆ ಬೇಕಾದ ಒಂದೇ ಅಧ್ಯಾಯ. ಅಷ್ಟಕ್ಕೆ ವಾದ ಸಿಗುತ್ತದೆ. ಉಳಿದದ್ದು ಪುರಾವೆ. ವಾದ ಹಿಡಿಸಿದರೆ ಅಥವಾ ಸಿಟ್ಟು ಬರಿಸಿದರೆ ಆಗ ಪುರಾವೆ ಓದಿ. ಮುಲುಂಡಿನಿಂದ ಸಿಎಸ್‌ಎಂಟಿಗೆ ಸ್ಲೋ ಲೋಕಲಿನಲ್ಲಿ ಸೀಟು ಸಿಕ್ಕರೆ ಒಂದು ಪ್ರಸ್ತಾವನೆ ಮುಗಿಯುತ್ತದೆ. ಟಿಪ್ಪಣಿಯನ್ನು ಬಿಡಿ ಚೀಟಿಯಲ್ಲಿ ಬರೆಯಿರಿ, ಒಂದು ಚೀಟಿಗೆ ಒಂದೇ ವಿಷಯ, ಪುಟಸಂಖ್ಯೆ ಕಡ್ಡಾಯ. ಅಡಿಟಿಪ್ಪಣಿಗಳಲ್ಲಿ ಪದೇ ಪದೇ ಬರುವ ಹೆಸರು ಯಾವುದೋ, ನಿಮ್ಮ ಮುಂದಿನ ಪುಸ್ತಕ ಅದೇ.

ಕೊನೆಗೂ ಪುಸ್ತಕ ದುಬಾರಿ ಎನಿಸಿದರೆ ಎರಡು ದಾರಿ. ಗಟ್ಟಿರಟ್ಟಿನ ಪ್ರತಿ ಬಂದು ಒಂದೆರಡು ವರ್ಷಕ್ಕೆ ಪೇಪರ್‌ಬ್ಯಾಕ್ ಬರುವುದುಂಟು, ಕಾಯಿರಿ. ಇಲ್ಲವೇ ನಿಮ್ಮ ಮಕ್ಕಳ ಕಾಲೇಜಿನ ಲೈಬ್ರರಿಗೋ ಸಂಘದ ಲೈಬ್ರರಿಗೋ ತರಿಸಲು ಬರೆದುಕೊಡಿ. ಅನುದಾನ ಮಾರ್ಚ್ 31ರೊಳಗೆ ಖರ್ಚಾಗಬೇಕು, ಫೆಬ್ರುವರಿಯಲ್ಲಿ ಎಲ್ಲ ಲೈಬ್ರರಿಯನ್‌ಗಳೂ ಪಟ್ಟಿಗಾಗಿ ಪರದಾಡುತ್ತಾರೆ. ಜನವರಿಯಲ್ಲೇ ಚೀಟಿ ಕೊಡಿ. ಪುಸ್ತಕ, ಲೇಖಕ, ಪ್ರಕಾಶಕ, ಐಎಸ್‌ಬಿಎನ್, ಬೆಲೆ, ಇಷ್ಟು ಬರೆದಿದ್ದರೆ ಆರ್ಡರ್ ಹಾಕುವವರು ನಿಮ್ಮ ಚೀಟಿಯನ್ನೇ ಮೇಲಿಡುತ್ತಾರೆ.