ಕಾರ್ಬ್ಯುರೇಟರ್ ಓವರ್‌ಫ್ಲೋ ಆಗ್ತಿದ್ರೆ ಬಿಚ್ಚಿಸುವ ಮೊದಲು ಇದನ್ನು ಮಾಡಿ

ಹಳೆ 100 ಸಿಸಿ ಬೈಕಿನ ಕಾರ್ಬ್ಯುರೇಟರ್‌ನ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ಸೋರುತ್ತಿದ್ದರೆ, ಎಂಜಿನ್ ತಣ್ಣಗಾದ ಮೇಲೆ ಅದರ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ, ಅಂದ್ರೆ ಫ್ಲೋಟ್ ಬೌಲಿನ, ಕೆಳಗಿನ ಡ್ರೈನ್ ಸ್ಕ್ರೂ ಸಡಿಲ ಮಾಡಿ. ಪೈಪಿನ ತುದಿಗೆ ಬಾಟಲಿ ಹಿಡಿದು, ಪೆಟ್ರೋಲ್ ಕಾಕ್ ಆನ್ ಇಟ್ಟೇ ಹತ್ತು ಹದಿನೈದು ಸೆಕೆಂಡ್ ಹರಿಯಲು ಬಿಡಿ. ಜೊತೆಗೆ ಸ್ಕ್ರೂಡ್ರೈವರ್ ಹಿಡಿಯಿಂದ ಬೌಲಿಗೆ ಮೆಲ್ಲಗೆ ತಟ್ಟಿ, ಆಮೇಲೆ ಸ್ಕ್ರೂ ಬಿಗಿ ಮಾಡಿ. ಹತ್ತಿರದಲ್ಲಿ ಬೀಡಿ, ಬೆಂಕಿ ಬೇಡವೇ ಬೇಡ. ಬೌಲ್ ತುಂಬಿದಾಗ ಪೆಟ್ರೋಲ್ ನಿಲ್ಲಿಸುವುದು ಒಳಗಿನ ಸಣ್ಣ ಸೂಜಿ. ಅದರ ತುದಿಗೆ ಒಂದು ಕಣ ತುಕ್ಕು ಸಿಕ್ಕಿಕೊಂಡರೂ ಸಾಕು, ಸೋರುತ್ತಲೇ ಇರುತ್ತದೆ. ಜೋರಾಗಿ ಹರಿಯುವ ಪೆಟ್ರೋಲ್ ಆ ಕಣವನ್ನು ತೊಳೆದುಕೊಂಡು ಹೋಗುತ್ತದೆ. ಮೂಡಿಗೆರೆ, ಸಕಲೇಶಪುರದ ಮಳೆಯಲ್ಲಿ ವಾರಗಟ್ಟಲೆ ನಿಂತ ಬೈಕಿನ ಟ್ಯಾಂಕಿನಲ್ಲಿ ತುಕ್ಕು ಜಾಸ್ತಿ, ಅಲ್ವಾ?

ಸೂಜಿಯ ತುದಿ ಸವೆದಿದ್ದರೆ ಅಥವಾ ಬೌಲಿನಲ್ಲಿ ತೇಲುತ್ತಾ ಸೂಜಿಯನ್ನು ಮೇಲೆತ್ತುವ ಫ್ಲೋಟ್ ತೂತಾಗಿ ಒಳಗೆ ಪೆಟ್ರೋಲ್ ತುಂಬಿದ್ದರೆ ಇದು ಕೆಲಸ ಮಾಡುವುದಿಲ್ಲ. ಎರಡು ಸಲ ಮಾಡಿಯೂ ನಿಲ್ಲದಿದ್ದರೆ ಬಿಚ್ಚಿಸಲೇಬೇಕು. ತೋಟದ ಇಳಿಜಾರಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿದಾಗ ಮಾತ್ರ ಸೋರಿದರೆ ಅದು ವಾಲಿದ್ದಕ್ಕೆ. ಸುಮ್ನೆ ಖರ್ಚು ಮಾಡಬೇಡಿ, ಸಮತಟ್ಟು ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಕಾಕ್ ಆಫ್ ಮಾಡಿ. ರಾತ್ರಿಯಿಡೀ ಸೋರಿದ್ದರೆ ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದರೆ ಆಯಿಲ್ ಬದಲಿಸದೆ ಕಿಕ್ ಹೊಡೆಯಬೇಡಿ.